ಇರುವುದೊಂದೇ ದಿನ: ಆಧುನಿಕ ಕಲಾ ಮ್ಯೂಸಿಯಂನಲ್ಲಿ ಯಾವ ಪ್ರದರ್ಶನ ನೋಡಬೇಕು, ಯಾವುದಕ್ಕೆ ಕಾಯಬೇಕು?

ಆಧುನಿಕ ಕಲೆಯ ಯಾವುದೇ ದೊಡ್ಡ ಮ್ಯೂಸಿಯಂಗೆ ಹೊರಡುವ ಮೊದಲು ಅದರ ಕಾರ್ಯಕ್ರಮಗಳ ಪಟ್ಟಿಯನ್ನು ತೆರೆದರೆ, ಒಂದೇ ಹೊತ್ತಿಗೆ ನಾಲ್ಕೈದು ಪ್ರದರ್ಶನಗಳು ನಡೆಯುತ್ತಿರುವುದು ಕಾಣುತ್ತದೆ. ಒಂದು ಮಹಡಿಯಲ್ಲಿ ಮ್ಯೂಸಿಯಂನ ಸ್ವಂತ ಸಂಗ್ರಹ, ಇನ್ನೊಂದರಲ್ಲಿ ಒಬ್ಬ ಕಲಾವಿದರ ಜೀವಮಾನದ ಕೆಲಸ, ಮತ್ತೊಂದರಲ್ಲಿ ಯಾವುದೋ ಚಳವಳಿಯ ಕುರಿತ ಸಮೂಹ ಪ್ರದರ್ಶನ, ನೆಲಮಹಡಿಯಲ್ಲಿ ಇಡೀ ಕೋಣೆಯನ್ನೇ ಆವರಿಸಿಕೊಂಡ ಇನ್‌ಸ್ಟಲೇಶನ್, ಮೂಲೆಯ ಕತ್ತಲ ಕೋಣೆಯಲ್ಲೊಂದು ವಿಡಿಯೋ. ಅವುಗಳ ಕೆಳಗೆ ‘ಮುಂಬರುವ ಪ್ರದರ್ಶನಗಳು’ ಎಂಬ ಬೇರೊಂದು ಪಟ್ಟಿ ಇರುತ್ತದೆ. ಅದರಲ್ಲಿನ ಒಂದು ಹೆಸರು ಈಗ ನಡೆಯುತ್ತಿರುವ ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುತ್ತದೆ. ಕೈಯಲ್ಲಿರುವುದು ಒಂದು ದಿನ, ಕೆಲವೊಮ್ಮೆ ಅರ್ಧ ದಿನ. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು, ಯಾವುದಕ್ಕೆ ಕಾಯುವುದು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಎಲ್ಲವನ್ನೂ ನೋಡಿಬಿಡೋಣ ಎಂಬ ಉತ್ತರ ಮೊದಲು ಹೊಳೆಯುತ್ತದೆ. ಅದನ್ನು ಮೊದಲು ಕೈಬಿಡುವುದು ಒಳ್ಳೆಯದು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಜನ ಒಂದು ಕಲಾಕೃತಿಯ ಮುಂದೆ ನಿಲ್ಲುವ ಸರಾಸರಿ ಸಮಯ ಸುಮಾರು 27 ಸೆಕೆಂಡ್. ಒಂದೇ ದಿನದಲ್ಲಿ ಐದು ಪ್ರದರ್ಶನಗಳನ್ನು ಮುಗಿಸಲು ಹೊರಟವರಿಗೆ ಅಷ್ಟೂ ಸಿಗುವುದಿಲ್ಲ. ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬ ಮ್ಯೂಸಿಯಂ ಅಧಿಕಾರಿ 1916ರಲ್ಲೇ ‘ಮ್ಯೂಸಿಯಂ ಆಯಾಸ’ದ ಬಗ್ಗೆ ಬರೆದಿದ್ದರು. ಗಾಜಿನ ಪೆಟ್ಟಿಗೆಗಳ ಕೆಳಗಿನ ಚೀಟಿ ಓದಲು ಮನುಷ್ಯ ಎಷ್ಟು ಬಾಗಬೇಕು, ಹೇಗೆ ಕುಕ್ಕರಿಸಬೇಕು ಎಂಬುದನ್ನು ಅವರು ಫೋಟೋಗಳ ಮೂಲಕವೇ ತೋರಿಸಿದರು. ನೂರು ವರ್ಷ ಕಳೆದರೂ ನಮ್ಮ ಕಾಲು, ಬೆನ್ನು, ಕಣ್ಣುಗಳ ಶಕ್ತಿ ಹೆಚ್ಚಿಲ್ಲ. ಆದ್ದರಿಂದ ಆಯ್ಕೆ ಅನಿವಾರ್ಯ. ಅದನ್ನು ಬಾಗಿಲ ಬಳಿ ನಿಂತು ಮಾಡುವುದಕ್ಕಿಂತ ಮನೆಯಲ್ಲೇ ಮಾಡಿಕೊಂಡು ಹೋಗುವುದು ಲೇಸು.

ಮೊದಲು ಮಾನದಂಡಗಳು

ಹೆಚ್ಚಿನವರು ಪಟ್ಟಿಯಲ್ಲಿ ಪರಿಚಿತ ಹೆಸರನ್ನು ಹುಡುಕುತ್ತಾರೆ. ನನ್ನ ಅನುಭವದಲ್ಲಿ ಹೆಸರು ಬಹಳ ದುರ್ಬಲವಾದ ಅಳತೆಗೋಲು. ಅದಕ್ಕೆ ಬದಲಾಗಿ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಇಲ್ಲಿ ಒಟ್ಟು ಸೇರಿರುವುದು ಮುಂದೆಂದಾದರೂ ಹೀಗೆಯೇ ಒಟ್ಟು ಸೇರೀತೇ ಎಂಬುದು. ಎರಡನೆಯದು, ಇದರಲ್ಲಿ ಎಷ್ಟು ಭಾಗ ಪುಸ್ತಕದಲ್ಲೋ ಪರದೆಯ ಮೇಲೋ ಸಿಗುತ್ತದೆ ಮತ್ತು ಎಷ್ಟು ಭಾಗ ಎದುರು ನಿಂತರೆ ಮಾತ್ರ ಸಿಗುತ್ತದೆ ಎಂಬುದು. ಡಾಲಿಯ ‘ನೆನಪಿನ ನಿರಂತರತೆ’ (1931) ಎಂಬ ಕರಗುವ ಗಡಿಯಾರಗಳ ಚಿತ್ರವನ್ನು ಪೋಸ್ಟರ್‌ಗಳಲ್ಲಿ ಕಂಡವರು ಅದನ್ನು ದೊಡ್ಡ ಕ್ಯಾನ್ವಾಸ್ ಎಂದೇ ಭಾವಿಸಿರುತ್ತಾರೆ. ಅದರ ಅಳತೆ 24 ಸೆಂಟಿಮೀಟರ್‌ಗೆ 33 ಸೆಂಟಿಮೀಟರ್, ಅಂದರೆ ಒಂದು ಪಾಠಪುಸ್ತಕವನ್ನು ಅಡ್ಡ ಹಿಡಿದಷ್ಟು. ಪಿಕಾಸೊನ ‘ಗೆರ್ನಿಕಾ’ (1937) ಅದೇ ಪೋಸ್ಟರಿನ ಗಾತ್ರದಲ್ಲಿ ನಮ್ಮ ಮನಸ್ಸಿನಲ್ಲಿ ಕೂತಿರುತ್ತದೆ; ನಿಜದಲ್ಲಿ ಅದು ಸುಮಾರು ಏಳು ಮುಕ್ಕಾಲು ಮೀಟರ್ ಉದ್ದ, ಮೂರೂವರೆ ಮೀಟರ್ ಎತ್ತರ. ಅದರ ಒಂದು ತುದಿಯ ಎದುರು ನಿಂತರೆ ಇನ್ನೊಂದು ತುದಿ ಕಣ್ಣಂಚಿಗೆ ಜಾರುತ್ತದೆ. ಮುದ್ರಿತ ಪ್ರತಿ ಎಲ್ಲ ಕೃತಿಗಳನ್ನೂ ಒಂದೇ ಗಾತ್ರಕ್ಕೆ ಇಳಿಸಿಬಿಡುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಉಳಿದ ಮಾನದಂಡಗಳು ನಿಮಗೇ ಸಂಬಂಧಿಸಿದವು. ಎಷ್ಟು ಗಂಟೆ ಗಮನ ಕೊಡಬಲ್ಲಿರಿ, ಜೊತೆಗೆ ಯಾರಿದ್ದಾರೆ, ಆ ವಿಷಯದ ಬಗ್ಗೆ ಎಷ್ಟು ಓದಿಕೊಂಡಿದ್ದೀರಿ, ಪ್ರವೇಶ ಶುಲ್ಕವಲ್ಲದೆ ವಿಶೇಷ ಪ್ರದರ್ಶನಕ್ಕೆ ಬೇರೆ ಟಿಕೆಟ್ ಇದೆಯೇ ಎಂಬುದನ್ನೆಲ್ಲ ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಈ ಲೆಕ್ಕ ಇಬ್ಬರಿಗೆ ಒಂದೇ ಆಗುವುದಿಲ್ಲ. ಹಾಗಾಗಿಯೇ ‘ಈ ವರ್ಷ ನೋಡಲೇಬೇಕಾದ ಹತ್ತು ಪ್ರದರ್ಶನಗಳು’ ಎಂಬ ಬಗೆಯ ಪಟ್ಟಿಗಳಿಂದ ಸಿಗುವ ಸಹಾಯ ಕಡಿಮೆ.

ಕಾಯಂ ಸಂಗ್ರಹ

ಮ್ಯೂಸಿಯಂನ ಸ್ವಂತ ಸಂಗ್ರಹವನ್ನು ಜನ ಇನ್ನೊಮ್ಮೆ ನೋಡಿದರಾಯಿತು ಎಂದು ಪಕ್ಕಕ್ಕಿಡುತ್ತಾರೆ. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಮುಂದಿಡುತ್ತೇನೆ. ಇಲ್ಲಿ ಸಿಗುವಷ್ಟು ವಿಸ್ತಾರ ಬೇರೆಲ್ಲೂ ಸಿಗುವುದಿಲ್ಲ: ಫ್ರೆಂಚ್ ಚಿತ್ರಕಾರ ಸೆಜಾನ್‌ನ ಹಣ್ಣುಗಳಿಂದ ಹೊರಟು ಕ್ಯೂಬಿಸಂನ ಒಡೆದ ಮುಖಗಳನ್ನು ದಾಟಿ ವಸ್ತುವಿನ ರೂಪವನ್ನೇ ಬಿಟ್ಟ ಅಮೂರ್ತ ಕಲೆಯವರೆಗೆ ಒಂದು ಮಧ್ಯಾಹ್ನದಲ್ಲಿ ನಡೆದುಹೋಗಬಹುದು, ಮತ್ತು ಯಾವ ಕೋಣೆಯಲ್ಲಿ ನಿಮ್ಮ ಕಾಲು ತಾನಾಗಿ ನಿಂತಿತು ಎಂಬುದು ನಿಮಗೇ ತಿಳಿಯುತ್ತದೆ. ಮುಂದೆ ಯಾವ ವಿಶೇಷ ಪ್ರದರ್ಶನಕ್ಕೆ ಹಣ ಕೊಡಬೇಕು ಎಂಬುದನ್ನು ಆ ಕೋಣೆಯೇ ಹೇಳುತ್ತದೆ. ಖರ್ಚಿನ ದೃಷ್ಟಿಯಿಂದಲೂ ಇದು ಹಗುರ. ಲಂಡನ್ನಿನ ಟೇಟ್ ಮಾಡರ್ನ್‌ನಂಥ ಮ್ಯೂಸಿಯಂಗಳಲ್ಲಿ ಸಂಗ್ರಹ ನೋಡಲು ಟಿಕೆಟ್ ಬೇಕಿಲ್ಲ, ವಿಶೇಷ ಪ್ರದರ್ಶನಗಳಿಗಷ್ಟೇ ಬೇಕು. ಪ್ರವೇಶ ಶುಲ್ಕವಿರುವ ಮ್ಯೂಸಿಯಂಗಳಲ್ಲೂ ಸಾಮಾನ್ಯವಾಗಿ ಸಂಗ್ರಹ ಅದರಲ್ಲೇ ಸೇರಿರುತ್ತದೆ.

ಆದರೆ ‘ಕಾಯಂ’ ಎಂಬ ಮಾತನ್ನು ಪೂರ್ತಿ ನಂಬಬಾರದು. ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂ 2019ರ ಅಕ್ಟೋಬರ್‌ನಲ್ಲಿ ವಿಸ್ತರಿಸಿದ ಕಟ್ಟಡದೊಂದಿಗೆ ಮತ್ತೆ ತೆರೆದಾಗ, ಸಂಗ್ರಹದ ಗ್ಯಾಲರಿಗಳ ಮೂರನೇ ಒಂದು ಭಾಗವನ್ನು ಆರು ತಿಂಗಳಿಗೊಮ್ಮೆ ಬದಲಿಸುವುದಾಗಿ ಹೇಳಿತು. ಟೇಟ್ ಮಾಡರ್ನ್ 2000ದಲ್ಲಿ ಬಾಗಿಲು ತೆರೆದ ದಿನದಿಂದಲೇ ಕಾಲಾನುಕ್ರಮವನ್ನು ಬಿಟ್ಟು ವಿಷಯಾನುಸಾರ ಕೃತಿಗಳನ್ನು ಜೋಡಿಸಿತು. ಇದಲ್ಲದೆ ಒಳ್ಳೆಯ ಕೃತಿಗಳನ್ನು ಬೇರೆ ಮ್ಯೂಸಿಯಂಗಳು ಎರವಲು ಕೇಳುತ್ತಲೇ ಇರುತ್ತವೆ. ಬಹಳ ವರ್ಷಗಳಿಂದ ನೋಡಬೇಕೆಂದುಕೊಂಡಿದ್ದ ಒಂದು ಚಿತ್ರಕ್ಕಾಗಿ ನಾನು ಒಮ್ಮೆ ದೂರದ ಪ್ರಯಾಣ ಮಾಡಿದ್ದೆ. ಅದಿರಬೇಕಾದ ಗೋಡೆಯ ಮೇಲೆ ಎರಡು ಕೊಂಡಿಗಳು, ಅವುಗಳ ನಡುವೆ ಸುತ್ತಲಿನ ಬಣ್ಣಕ್ಕಿಂತ ತುಸು ತಿಳಿಯಾದ ಒಂದು ಆಯತ, ಕೆಳಗೆ ಅಂಗೈ ಅಗಲದ ಚೀಟಿ: ಕೃತಿ ಎರವಲು ಹೋಗಿದೆ. ಅಂದಿನಿಂದ ಒಂದೇ ಕೃತಿಗಾಗಿ ಹೊರಡುವವರಿಗೆಲ್ಲ ನಾನು ಹೇಳುವುದು ಇಷ್ಟೆ: ಹೊರಡುವ ವಾರ ಮ್ಯೂಸಿಯಂನ ಜಾಲತಾಣದಲ್ಲಿ ಆ ಕೃತಿಯ ಪುಟ ತೆರೆದು, ಅದು ಈಗ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೊಳ್ಳಿ. ಅನೇಕ ದೊಡ್ಡ ಮ್ಯೂಸಿಯಂಗಳು ಈಗ ಗ್ಯಾಲರಿಯ ಸಂಖ್ಯೆಯನ್ನೂ ಅಲ್ಲಿ ನಮೂದಿಸುತ್ತವೆ.

ಕೆಲವು ಕೃತಿಗಳು ಮಾತ್ರ ಕದಲುವುದಿಲ್ಲ, ಮತ್ತು ಅವುಗಳಿಗಾಗಿ ಕಾಯುವುದರಲ್ಲಿ ಅರ್ಥವೂ ಇಲ್ಲ. ‘ಗೆರ್ನಿಕಾ’ ದಶಕಗಳ ಕಾಲ ನ್ಯೂಯಾರ್ಕ್‌ನಲ್ಲಿದ್ದು 1981ರಲ್ಲಿ ಸ್ಪೇನಿಗೆ ಮರಳಿತು; 1992ರಿಂದ ಮ್ಯಾಡ್ರಿಡ್‌ನ ರೀನಾ ಸೋಫಿಯಾ ಮ್ಯೂಸಿಯಂನಲ್ಲಿದೆ. ಹಿಂದೆ ಊರೂರು ಸುತ್ತಿ ಜೀರ್ಣವಾಗಿರುವುದರಿಂದ ಅದನ್ನು ಈಗ ಯಾರಿಗೂ ಎರವಲು ಕೊಡುವುದಿಲ್ಲ. ಅದು ನಿಮ್ಮ ಬಳಿಗೆ ಬರುವುದಿಲ್ಲ, ನೀವೇ ಹೋಗಬೇಕು.

ಒಬ್ಬ ಕಲಾವಿದರ ಸಿಂಹಾವಲೋಕನ

ಎರಡನೆಯ ಸಲ ಹೋಗುವವರಿಗೆ, ಅಥವಾ ಒಮ್ಮೆಯೇ ಹೋದರೂ ಒಬ್ಬ ಕಲಾವಿದರ ಬಗ್ಗೆ ಆಸಕ್ತಿ ಗಟ್ಟಿಯಾಗಿರುವವರಿಗೆ, ನನ್ನ ಮೊದಲ ಆಯ್ಕೆ ಸಿಂಹಾವಲೋಕನ, ಅಂದರೆ ಅವರ ಜೀವಮಾನದ ಕೆಲಸವನ್ನು ಒಟ್ಟಿಗೆ ತೋರಿಸುವ ಪ್ರದರ್ಶನ. ‘ಮತ್ತೆ ಒಟ್ಟು ಸೇರೀತೇ’ ಎಂಬ ಪ್ರಶ್ನೆಗೆ ಅತ್ಯಂತ ಗಟ್ಟಿಯಾದ ಉತ್ತರ ಸಿಗುವುದು ಇಲ್ಲಿಯೇ. ಹತ್ತಾರು ಮ್ಯೂಸಿಯಂಗಳು ಮತ್ತು ಖಾಸಗಿ ಸಂಗ್ರಾಹಕರು ತಮ್ಮ ಗೋಡೆಯಿಂದ ಕೃತಿಗಳನ್ನು ಇಳಿಸಿ, ವಿಮೆ ಮಾಡಿಸಿ, ವಿಶೇಷ ಪೆಟ್ಟಿಗೆಗಳಲ್ಲಿ ಕಳಿಸಿರುತ್ತಾರೆ. ಮೂರು ನಾಲ್ಕು ತಿಂಗಳಾದ ಮೇಲೆ ಅವೆಲ್ಲ ಚೆದುರಿಹೋಗುತ್ತವೆ. ಅದೇ ಕಲಾವಿದರ ಮುಂದಿನ ದೊಡ್ಡ ಪ್ರದರ್ಶನಕ್ಕೆ ಇಪ್ಪತ್ತು ಮೂವತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

2014ರಲ್ಲಿ ಟೇಟ್ ಮಾಡರ್ನ್‌ನಲ್ಲಿ ನಡೆದು ಬಳಿಕ ನ್ಯೂಯಾರ್ಕ್‌ಗೆ ಹೋದ, ಫ್ರೆಂಚ್ ಕಲಾವಿದ ಮಾತಿಸ್‌ನ ಕಾಗದದ ಕತ್ತರಿಕೆಗಳ ಪ್ರದರ್ಶನ ಇದಕ್ಕೆ ಒಳ್ಳೆಯ ನಿದರ್ಶನ. ಲಂಡನ್ನಿನಲ್ಲೇ ಐದು ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರು. ಕಾಯಿಲೆಯಿಂದ ನಿಲ್ಲಲಾರದ ಮುದುಕ ಕಲಾವಿದ ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸುವುದು, ಸಹಾಯಕರು ಅದನ್ನು ಗೋಡೆಗೆ ಪಿನ್ನಿನಿಂದ ಚುಚ್ಚುವುದು, ಮತ್ತೆ ತೆಗೆದು ಇನ್ನೊಂದೆಡೆ ಚುಚ್ಚುವುದು, ಹೀಗೆ ಆ ಕೃತಿಗಳು ರೂಪುಗೊಂಡವು. ಮುದ್ರಿತ ಪ್ರತಿಯಲ್ಲಿ ಅವು ಒಂದೇ ಸಮನಾದ ಬಣ್ಣದ ಆಕಾರಗಳು. ಹತ್ತಿರದಿಂದ ನೋಡಿದರೆ ಬ್ರಷ್ಷಿನ ಗೆರೆಗಳು, ಒಂದರ ಮೇಲೊಂದು ಬಂದ ಕಾಗದದ ಅಂಚುಗಳು, ಸಾಸಿವೆ ಕಾಳಿಗಿಂತ ಸಣ್ಣ ಪಿನ್ನಿನ ರಂಧ್ರಗಳು ಕಾಣುತ್ತವೆ. ಆ ರಂಧ್ರಗಳು ಎಷ್ಟಿವೆ ಎಂಬುದರಿಂದ ಆ ಕಾಗದದ ತುಂಡು ಎಷ್ಟು ಸಲ ಜಾಗ ಬದಲಿಸಿತು ಎಂದು ಊಹಿಸಬಹುದು. ಕಲಾವಿದನ ಅನುಮಾನ ಹೀಗೆ ಕಣ್ಣಿಗೆ ಕಾಣುವುದು ಅಪರೂಪ. ಇಂಥ ಪ್ರದರ್ಶನ ಎರಡು ಊರುಗಳಿಗೆ ಹೋದರೂ ಎರಡೂ ಕಡೆ ಒಂದೇ ಆಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಕೆಲವು ಕೃತಿಗಳ ಎರವಲು ಒಂದೇ ಊರಿಗೆ ಸೀಮಿತವಾಗಿರುತ್ತದೆ.

ಸಿಂಹಾವಲೋಕನದ ದೌರ್ಬಲ್ಯವೂ ಅದರ ಗಾತ್ರದಲ್ಲೇ ಇದೆ. ಆರಂಭದ ಕೋಣೆಗಳಲ್ಲಿ ವಿದ್ಯಾರ್ಥಿ ದೆಸೆಯ ಚಿತ್ರಗಳು ಇರುತ್ತವೆ. ಜನ ಅಲ್ಲಿಯ ಪ್ರತಿಯೊಂದು ಚೀಟಿಯನ್ನೂ ಓದಿ ದಣಿಯುತ್ತಾರೆ, ಕಲಾವಿದರ ಪ್ರೌಢ ಕೆಲಸವಿರುವ ಕೊನೆಯ ಕೋಣೆಗಳನ್ನು ಓಡುತ್ತ ದಾಟುತ್ತಾರೆ. ನನ್ನ ತಾಯಿಯನ್ನು ಒಂದು ದೊಡ್ಡ ಸಿಂಹಾವಲೋಕನಕ್ಕೆ ಕರೆದೊಯ್ದಾಗ ಮೂರನೆಯ ಕೋಣೆಯಲ್ಲೇ ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಕೂತಲ್ಲಿಂದಲೇ ಎದುರಿನ ಒಂದು ನೀಲಿ ಚಿತ್ರವನ್ನು ಇಪ್ಪತ್ತು ನಿಮಿಷ ನೋಡಿದರು. ಮನೆಗೆ ಬಂದ ಮೇಲೆ ನನಗೆ ಹದಿನೈದು ಕೋಣೆಗಳಲ್ಲಿ ಏನೇನಿತ್ತೆಂದು ಹೇಳಲಾಗಲಿಲ್ಲ. ಅವರು ಆ ನೀಲಿಯಲ್ಲಿ ಎಲ್ಲಿ ಹಸಿರು ಸೇರಿತ್ತು ಎಂಬುದನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು. ಆಮೇಲೆ ನಾನು ಕ್ರಮವನ್ನೇ ಬದಲಿಸಿಕೊಂಡೆ. ಮೊದಲು ಎಲ್ಲೂ ನಿಲ್ಲದೆ ಕೊನೆಯ ಕೋಣೆಯವರೆಗೆ ನಡೆದುಹೋಗಿ, ಯಾವ ನಾಲ್ಕೈದು ಕೃತಿಗಳು ಕರೆದವು ಎಂದು ಗುರುತಿಟ್ಟುಕೊಂಡು, ಅವುಗಳ ಮುಂದೆ ಮಾತ್ರ ಕೂರಲು ಮರಳುತ್ತೇನೆ. ಇದಕ್ಕೊಂದು ಎಚ್ಚರಿಕೆ: ಕೆಲವು ಪ್ರದರ್ಶನಗಳಲ್ಲಿ ಹೊರಬಾಗಿಲು ದಾಟಿದವರಿಗೆ ಮರುಪ್ರವೇಶವಿಲ್ಲ, ಆದ್ದರಿಂದ ಕೊನೆಯ ಕೋಣೆಯ ಹೊಸ್ತಿಲಲ್ಲೇ ಹಿಂದಿರುಗಬೇಕು.

ಹೆಸರು ಕೇಳಿಲ್ಲವೆಂಬ ಕಾರಣಕ್ಕೆ ಸಿಂಹಾವಲೋಕನವೊಂದನ್ನು ಬಿಡಬೇಡಿ ಎಂದು ಒತ್ತಿ ಹೇಳಬೇಕಾಗಿದೆ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ (1862–1944) ತಮ್ಮ ಅಮೂರ್ತ ಚಿತ್ರಗಳನ್ನು ತಾವು ಸತ್ತು ಇಪ್ಪತ್ತು ವರ್ಷವಾಗುವವರೆಗೆ ತೋರಿಸಬಾರದೆಂದು ಬಯಸಿದ್ದವರು. 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಗುಗನ್‌ಹೈಮ್‌ನಲ್ಲಿ ಅವರ ಪ್ರದರ್ಶನ ತೆರೆದಾಗ ಸಾಮಾನ್ಯ ವೀಕ್ಷಕರಲ್ಲಿ ಬಹಳ ಮಂದಿಗೆ ಆ ಹೆಸರು ಹೊಸದು. ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು, ಆ ಮ್ಯೂಸಿಯಂ ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಸಂಖ್ಯೆ. ಅದೇ ಮ್ಯೂಸಿಯಂ 2014ರಲ್ಲಿ ಭಾರತದ ಚಿತ್ರಕಾರ ವಿ.ಎಸ್. ಗಾಯ್ತೊಂಡೆ (1924–2001) ಅವರ ಸಿಂಹಾವಲೋಕನವನ್ನು ನಡೆಸಿತ್ತು. ಅವರ ಕ್ಯಾನ್ವಾಸುಗಳನ್ನು ಫೋನಿನ ಪರದೆಯಲ್ಲಿ ಕಂಡವರಿಗೆ ಮಂಜು ಕವಿದ ಒಂದೇ ಬಣ್ಣದಂತೆ ಅನ್ನಿಸೀತು. ಎದುರು ನಿಂತರೆ ಪದರಪದರವಾಗಿ ಹಚ್ಚಿ ಒರೆಸಿದ ಬಣ್ಣದ ಒಳಗಿನಿಂದ ಬೆಳಕು ನಿಧಾನವಾಗಿ ಮೇಲೇಳುತ್ತದೆ. ನನ್ನ ಎರಡನೆಯ ಮಾನದಂಡಕ್ಕೆ ಇಂಥ ಕಲಾವಿದರೇ ಪೂರ್ಣ ಅಂಕ ಪಡೆಯುತ್ತಾರೆ.

ವಿಷಯ ಅಥವಾ ಚಳವಳಿ ಕುರಿತ ಸಮೂಹ ಪ್ರದರ್ಶನ

ಕ್ಯೂಬಿಸಂ, ಜರ್ಮನಿಯ ಬೌಹೌಸ್ ಕಲಾಶಾಲೆ, ಯುದ್ಧಾನಂತರದ ಅಮೂರ್ತ ಕಲೆ ಮುಂತಾದ ಒಂದು ವಿಷಯವನ್ನು ಹಿಡಿದು ಹಲವರ ಕೃತಿಗಳನ್ನು ಒಟ್ಟುಗೂಡಿಸುವ ಪ್ರದರ್ಶನದಲ್ಲಿ ನಿಜವಾದ ಕರ್ತೃ ಕ್ಯುರೇಟರ್, ಅಂದರೆ ಕೃತಿಗಳನ್ನು ಆಯ್ದು ಜೋಡಿಸುವವರು. ನೀವು ಅಲ್ಲಿ ನೋಡುವುದು ಒಂದು ವಾದವನ್ನು. ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂನ ಮೊದಲ ನಿರ್ದೇಶಕ ಆಲ್ಫ್ರೆಡ್ ಬಾರ್ 1936ರಲ್ಲಿ ಕ್ಯೂಬಿಸಂ ಮತ್ತು ಅಮೂರ್ತ ಕಲೆಯ ಪ್ರದರ್ಶನಕ್ಕಾಗಿ ಬಾಣದ ಗುರುತುಗಳ ಒಂದು ವಂಶವೃಕ್ಷವನ್ನೇ ಬರೆದರು: ಯಾವ ಪಂಥದಿಂದ ಯಾವುದು ಹುಟ್ಟಿತು ಎಂಬ ಆ ನಕ್ಷೆ ಆಧುನಿಕ ಕಲೆಯನ್ನು ತಲೆಮಾರುಗಳು ಅರ್ಥಮಾಡಿಕೊಂಡ ಬಗೆಯನ್ನೇ ರೂಪಿಸಿತು, ಮತ್ತು ಅದು ಯಾರನ್ನು ಹೊರಗಿಟ್ಟಿತು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಒಳ್ಳೆಯ ಸಮೂಹ ಪ್ರದರ್ಶನ ಅಂಥ ಬಲವನ್ನು ಹೊಂದಿರುತ್ತದೆ. ಸಾಧಾರಣವಾದದ್ದು, ದೊಡ್ಡ ಹೆಸರುಗಳ ಸಣ್ಣ ಕೃತಿಗಳನ್ನು ಒಂದು ಆಕರ್ಷಕ ಶೀರ್ಷಿಕೆಯಡಿ ತೂಗುಹಾಕುವುದರಲ್ಲಿ ತೃಪ್ತವಾಗುತ್ತದೆ.

ಎರಡನ್ನೂ ಹೊರಗಿನಿಂದಲೇ ಗುರುತಿಸಲು ಒಂದು ದಾರಿ ಇದೆ. ಪ್ರದರ್ಶನದ ಪರಿಚಯದಲ್ಲಿ ಕಲಾವಿದರ ಹೆಸರುಗಳಷ್ಟೇ ಇದ್ದು ಪ್ರಶ್ನೆಯೇ ಇಲ್ಲದಿದ್ದರೆ, ನಾನು ಅದನ್ನು ಪಟ್ಟಿಯ ಕೊನೆಗೆ ಹಾಕುತ್ತೇನೆ. ಆ ವಿಷಯವನ್ನು ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿಗಳಿಗೆ, ಕಲಾ ಶಿಕ್ಷಕರಿಗೆ ಸಮೂಹ ಪ್ರದರ್ಶನ ಸಿಂಹಾವಲೋಕನಕ್ಕಿಂತಲೂ ಉಪಯುಕ್ತ. ಆದರೆ ಏನೂ ಓದಿಕೊಳ್ಳದೆ ಹೋದರೆ ಅತಿ ಹೆಚ್ಚು ನಷ್ಟವಾಗುವುದೂ ಇದರಲ್ಲಿಯೇ. ಹಿಂದಿನ ರಾತ್ರಿ ಒಂದು ಗಂಟೆಯ ಓದನ್ನು ಟಿಕೆಟ್ಟಿನ ಭಾಗವೆಂದೇ ಎಣಿಸಬೇಕು.

ಇನ್‌ಸ್ಟಲೇಶನ್

ಮಕ್ಕಳ ಜೊತೆ ಹೋಗುವವರಿಗೆ, ಚಿತ್ರಗಳ ಮುಂದೆ ನಿಲ್ಲುವುದು ಬೇಸರ ಎನ್ನುವ ಗೆಳೆಯರನ್ನು ಕರೆದೊಯ್ಯುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಒಲಾಫುರ್ ಎಲಿಯಾಸನ್ 2003ರಲ್ಲಿ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್ ಎಂಬ ಬೃಹತ್ ಹಜಾರದಲ್ಲಿ ಹಳದಿ ದೀಪಗಳಿಂದ ಒಂದು ದೊಡ್ಡ ಸೂರ್ಯನನ್ನು ನಿರ್ಮಿಸಿ, ಚಾವಣಿಗೆ ಕನ್ನಡಿ ಹೊದಿಸಿದಾಗ, ಜನ ನೆಲದ ಮೇಲೆ ಅಂಗಾತ ಮಲಗಿ ಮೇಲೆ ಇರುವೆಯಷ್ಟು ಸಣ್ಣಗೆ ಕಾಣುತ್ತಿದ್ದ ತಮ್ಮನ್ನೇ ಕೈಬೀಸಿ ಕರೆದರು. ಇದನ್ನು ಯಾವ ಪುಸ್ತಕವೂ ಕೊಡಲಾರದು. ಮೊದಲ ಎರಡು ಮಾನದಂಡಗಳಲ್ಲಿ ಇನ್‌ಸ್ಟಲೇಶನ್‌ಗೆ ಹೆಚ್ಚು ಅಂಕ ಬೀಳುತ್ತದೆ: ಕಿತ್ತ ಮೇಲೆ ಅದು ಆ ಜಾಗದಲ್ಲಿ ಮತ್ತೆ ಇರುವುದಿಲ್ಲ, ಮತ್ತು ಫೋಟೋದಲ್ಲಿ ಅದರ ಹೊರಮೈ ಮಾತ್ರ ಉಳಿಯುತ್ತದೆ.

ಕೊರತೆ ಇರುವುದು ಕಾಯುವಿಕೆಯಲ್ಲಿ. ಯಾಯೊಯಿ ಕುಸಾಮಾ 1965ರಿಂದ ರಚಿಸುತ್ತ ಬಂದಿರುವ ಅನಂತ ಕನ್ನಡಿ ಕೋಣೆಗಳಿಗೆ ಎಲ್ಲೆಡೆ ಉದ್ದನೆಯ ಸಾಲು. ಒಳಗೆ ಸಿಗುವ ಅವಧಿ ಕೆಲವು ಕಡೆ ಒಂದು ನಿಮಿಷಕ್ಕಿಂತಲೂ ಕಡಿಮೆ. ಒಂದು ಗಂಟೆ ನಿಂತು ಅರ್ಧ ನಿಮಿಷ ನೋಡುವುದು ಸರಿಯೇ ಎಂಬುದನ್ನು ನೀವೇ ತೀರ್ಮಾನಿಸಬೇಕು. ಮೊದಲೇ ಸಮಯ ಕಾಯ್ದಿರಿಸಲು ಸಾಧ್ಯವಾಗದಿದ್ದರೆ ನಾನಂತೂ ಆ ಗಂಟೆಯನ್ನು ಬೇರೆಡೆ ಕಳೆಯುತ್ತೇನೆ. ಇನ್ನೊಂದು ಮಾತು: ಮುಟ್ಟಬಹುದು, ನಡೆದಾಡಬಹುದು ಎಂದು ಘೋಷಿಸಿದ್ದು ನೀವು ಹೋಗುವ ಹೊತ್ತಿಗೆ ಬದಲಾಗಿರಬಹುದು. ಚೀನಾದ ಕಲಾವಿದ ಐ ವೇವೇ 2010ರಲ್ಲಿ ಅದೇ ಟರ್ಬೈನ್ ಹಾಲ್‌ನಲ್ಲಿ ಸುಮಾರು ಹತ್ತು ಕೋಟಿ ಪಿಂಗಾಣಿಯ ಸೂರ್ಯಕಾಂತಿ ಬೀಜಗಳನ್ನು ಹರಡಿದ್ದರು, ಒಂದೊಂದನ್ನೂ ಕೈಯಿಂದ ಚಿತ್ರಿಸಿದ್ದು. ಮೊದಲ ಕೆಲವು ದಿನ ಜನ ಅದರ ಮೇಲೆ ಓಡಾಡಿದರು. ತುಳಿತದಿಂದ ಏಳುವ ಧೂಳು ಆರೋಗ್ಯಕ್ಕೆ ಹಾನಿಕರವೆಂದು ಕಂಡುಬಂದದ್ದರಿಂದ ಬಳಿಕ ಅಂಚಿನಲ್ಲಿ ನಿಂತು ನೋಡಬೇಕಾಯಿತು. ಮಗುವಿಗೆ ಆಸೆ ಹುಟ್ಟಿಸುವ ಮೊದಲು ಆ ವಾರದ ಸೂಚನೆಗಳನ್ನು ಓದಿಕೊಳ್ಳಿ.

ಕಾಗದದ ಮೇಲಿನ ಕೃತಿಗಳು ಮತ್ತು ಫೋಟೋಗ್ರಫಿ

ಎಲ್ಲರೂ ಬಿಟ್ಟುಹೋಗುವ ಈ ಮಂದಬೆಳಕಿನ ಕೋಣೆಗಳ ಪರವಾಗಿ ಸ್ವಲ್ಪ ಹೆಚ್ಚು ಹೇಳಬೇಕೆನ್ನಿಸುತ್ತದೆ. ರೇಖಾಚಿತ್ರ, ಜಲವರ್ಣ, ಮುದ್ರಣ ಚಿತ್ರ, ಹಳೆಯ ಫೋಟೋ ಇವೆಲ್ಲ ಬೆಳಕಿಗೆ ಬೇಗ ಮಾಸುತ್ತವೆ. ಹಾಗಾಗಿ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಕಡಿಮೆ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ, ಅನಂತರ ವರ್ಷಗಟ್ಟಲೆ ಪೆಟ್ಟಿಗೆಯೊಳಗೆ ವಿಶ್ರಾಂತಿಗೆ ಇಡುತ್ತಾರೆ. ತೈಲವರ್ಣದ ಪ್ರಸಿದ್ಧ ಚಿತ್ರ ಮುಂದಿನ ವರ್ಷವೂ ಅಲ್ಲಿಯೇ ಇದ್ದೀತು. ಪಕ್ಕದ ಕೋಣೆಯ ಪೆನ್ಸಿಲ್ ಚಿತ್ರ ಇರಲಾರದು. ‘ಮತ್ತೆ ಸಿಗುವುದೇ’ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರು ಈ ಕೋಣೆಯನ್ನು ದಾಟಿ ಹೋಗಲಾರರು.

ಭಾರತದ ಕಲಾವಿದೆ ನಸ್ರೀನ್ ಮೊಹಮ್ಮದಿ (1937–1990) ಅವರ ರೇಖಾಚಿತ್ರಗಳನ್ನೇ ನೋಡಿ. ಅಳತೆಪಟ್ಟಿ ಹಿಡಿದು ಶಾಯಿ ಮತ್ತು ಪೆನ್ಸಿಲ್‌ಗಳಿಂದ ಎಳೆದ ಸಪೂರ ಗೆರೆಗಳು. ಮುದ್ರಣದಲ್ಲಿ ಅವು ಇಂಜಿನಿಯರನ ನಕ್ಷೆಯಂತೆ ನಿರ್ಜೀವ. ಅಡಿ ದೂರದಲ್ಲಿ ನಿಂತರೆ ಗೆರೆಯೊಂದು ಆರಂಭದಲ್ಲಿ ಗಾಢವಾಗಿದ್ದು ಕೈ ಸರಿದಂತೆ ತೆಳುವಾಗುವುದು, ಎರಡು ಗೆರೆಗಳ ನಡುವಿನ ಅಂತರ ಕೂದಲೆಳೆಯಷ್ಟು ಹಿಗ್ಗುವುದು ಕಾಣುತ್ತದೆ. ಉಸಿರು ಹಿಡಿದು ಎಳೆದದ್ದೆಂದು ಗೊತ್ತಾಗಿ ನಮ್ಮ ಉಸಿರೂ ನಿಧಾನವಾಗುತ್ತದೆ. ನ್ಯೂಯಾರ್ಕ್‌ನಲ್ಲಿ 2016ರ ಮಾರ್ಚ್‌ನಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂನ ಶಾಖೆಯಾದ ಮೆಟ್ ಬ್ರಾಯರ್ ಕಟ್ಟಡ ತೆರೆದಾಗ ಅದರ ಆರಂಭದ ಪ್ರದರ್ಶನಗಳಲ್ಲಿ ಒಂದು ಇವರದೇ ಆಗಿತ್ತು. ಈ ಬಗೆಯ ಪ್ರದರ್ಶನಗಳು ಚಿಕ್ಕವು, ಒಂದು ಗಂಟೆ ಸಾಕು, ನೂಕುನುಗ್ಗಲು ಕಡಿಮೆ, ಬೇರೆ ಟಿಕೆಟ್ ಕೇಳುವುದು ಅಪರೂಪ. ಕಣ್ಣಿನ ದೃಷ್ಟಿ ಮಂದವಾಗಿರುವವರಿಗೆ ಮಾತ್ರ ಆ ಬೆಳಕು ಕಷ್ಟ.

ಫೋಟೋಗ್ರಫಿಯಲ್ಲಿ ನನ್ನ ಶಿಫಾರಸು ಅಷ್ಟು ಸರಳವಲ್ಲ. 1955ರಲ್ಲಿ ಎಡ್ವರ್ಡ್ ಸ್ಟೈಕನ್ ನ್ಯೂಯಾರ್ಕ್‌ನಲ್ಲಿ 68 ದೇಶಗಳ 503 ಫೋಟೋಗಳನ್ನು ಒಟ್ಟುಗೂಡಿಸಿ ನಡೆಸಿದ ‘ಮಾನವ ಕುಟುಂಬ’ದಂಥ ಪ್ರದರ್ಶನದಲ್ಲಿ ಜೋಡಣೆಯೇ ಅರ್ಥ ಕೊಡುತ್ತದೆ, ಅದನ್ನು ನಡೆದೇ ಅನುಭವಿಸಬೇಕು. ಆದರೆ ಸರಳವಾಗಿ ಸಾಲಾಗಿ ತೂಗುಹಾಕಿದ ಫೋಟೋಗಳ ಪ್ರದರ್ಶನವಾದರೆ, ಸಮಯದ ಅಭಾವವಿರುವವರು ಒಳ್ಳೆಯ ಮುದ್ರಣದ ಕೆಟಲಾಗ್‌ನಿಂದ ಬಹುಪಾಲು ಪಡೆಯಬಹುದು.

ವಿಡಿಯೋ ಮತ್ತು ಪರ್ಫಾರ್ಮೆನ್ಸ್

ಇಲ್ಲಿ ಒಂದೇ ಒಂದು ವಿಷಯ ಮುಖ್ಯ: ಅವಧಿ. ಕ್ರಿಶ್ಚಿಯನ್ ಮಾರ್ಕ್ಲೆ ಅವರ ‘ದಿ ಕ್ಲಾಕ್’ (2010) 24 ಗಂಟೆಗಳ ಕೃತಿ. ಸಾವಿರಾರು ಸಿನಿಮಾಗಳಿಂದ ಗಡಿಯಾರ ಕಾಣುವ ತುಣುಕುಗಳನ್ನು ಆಯ್ದು, ಪರದೆಯ ಮೇಲಿನ ಹೊತ್ತು ನಿಮ್ಮ ಕೈಗಡಿಯಾರದ ಹೊತ್ತಿಗೆ ಸರಿಯಾಗಿ ಹೊಂದುವಂತೆ ಹೆಣೆದದ್ದು. ಅದನ್ನು ಪೂರ್ತಿ ನೋಡುವುದು ಹೆಚ್ಚಿನವರಿಗೆ ಅಸಾಧ್ಯ, ಅಗತ್ಯವೂ ಇಲ್ಲ. ಎಲ್ಲಿಂದ ಬೇಕಾದರೂ ಕೂತು ಎಲ್ಲಿ ಬೇಕಾದರೂ ಏಳಬಹುದು. ಬೇರೆ ಅನೇಕ ವಿಡಿಯೋಗಳಿಗೆ ಆದಿ ಅಂತ್ಯಗಳಿವೆ, ನಡುವೆ ಹೊಕ್ಕರೆ ಅರ್ಥವಾಗುವುದಿಲ್ಲ. ಬಾಗಿಲ ಪಕ್ಕದ ಚೀಟಿಯಲ್ಲಿ ನಿಮಿಷಗಳನ್ನು ಬರೆದಿರುತ್ತಾರೆ. ಅದನ್ನು ಓದಿ, ಮುಂದಿನ ಆರಂಭಕ್ಕೆ ಮರಳಿ ಬರಬೇಕು. ಪರ್ಫಾರ್ಮೆನ್ಸ್‌ನ, ಅಂದರೆ ಕಲಾವಿದರು ಪ್ರೇಕ್ಷಕರ ಎದುರೇ ನಡೆಸಿಕೊಡುವ ಕೃತಿಯ, ದಿನಾಂಕ ನಿಮ್ಮ ಭೇಟಿಗೆ ಹೊಂದಿದರೆ ಉಳಿದದ್ದನ್ನು ಬಿಟ್ಟಾದರೂ ನೋಡಿ, ಏಕೆಂದರೆ ನಾಳೆಗೆ ಅದರ ದಾಖಲೆ ಮಾತ್ರ ಇರುತ್ತದೆ.

ಕಾಯಬೇಕೇ?

ಮುಂಬರುವ ಪ್ರದರ್ಶನಕ್ಕಾಗಿ ಭೇಟಿಯನ್ನು ಮುಂದೂಡುವುದು ಎರಡು ಸಂದರ್ಭಗಳಲ್ಲಿ ಮಾತ್ರ ಸರಿ ಎಂದು ನನ್ನ ಅಭಿಪ್ರಾಯ. ಒಂದು, ಅದು ನೀವು ಆಳವಾಗಿ ಪ್ರೀತಿಸುವ ಕಲಾವಿದರ ಸಿಂಹಾವಲೋಕನವಾಗಿದ್ದು ಬೇರೆ ಊರಿಗೆ ಹೋಗದಿದ್ದರೆ. ಇನ್ನೊಂದು, ಅದರಲ್ಲಿ ಬಹಳ ಕಾಲ ಹೊರತೆಗೆಯದ ಕೃತಿ ಇದ್ದರೆ. ಈವಾ ಹೆಸ್ ಅವರ 1969ರ ಬೃಹತ್ ಕೃತಿ ‘ಎಕ್ಸ್‌ಪ್ಯಾಂಡೆಡ್ ಎಕ್ಸ್‌ಪ್ಯಾನ್ಶನ್’ ಅನ್ನು ಲೇಟೆಕ್ಸ್ ರಬ್ಬರಿನಿಂದ ಮಾಡಿದ್ದರಿಂದ ಅದು ಕಾಲಕ್ರಮೇಣ ಕಂದಿ ಪೆಡಸಾಯಿತು. ದುರಸ್ತಿಯ ನಂತರ 2022ರಲ್ಲಿ ಗುಗನ್‌ಹೈಮ್ ಅದನ್ನು ಸಾರ್ವಜನಿಕರಿಗೆ ತೋರಿಸಿದ್ದು 35 ವರ್ಷಗಳಲ್ಲಿ ಮೊದಲ ಸಲ. ಅಂಥದ್ದಕ್ಕೆ ಕಾಯಬಹುದು. ಬರೀ ಪ್ರಸಿದ್ಧ ಹೆಸರಿಗಾಗಿ ಕಾಯುವುದಾದರೆ, ಆ ಕಲಾವಿದರ ಒಳ್ಳೆಯ ಕೃತಿಗಳಲ್ಲಿ ಎರಡಾದರೂ ಈಗಾಗಲೇ ಸಂಗ್ರಹದ ಕೋಣೆಯಲ್ಲಿ ತೂಗುತ್ತಿರುವ ಸಾಧ್ಯತೆ ಇದೆಯೇ ಎಂದು ಮೊದಲು ನೋಡಿ.

ದಿನಾಂಕ ಆರಿಸುವಾಗ ಎರಡು ಪ್ರದರ್ಶನಗಳ ನಡುವಿನ ವಾರಗಳನ್ನು ತಪ್ಪಿಸಬೇಕು. ಒಂದನ್ನು ಇಳಿಸಿ ಇನ್ನೊಂದನ್ನು ಕಟ್ಟುವಾಗ ಇಡೀ ಮಹಡಿಗೆ ಪರದೆ ಬೀಳುತ್ತದೆ, ಟಿಕೆಟ್ಟಿನ ಬೆಲೆ ಮಾತ್ರ ಅಷ್ಟೇ ಇರುತ್ತದೆ. ಹಾಗೆಯೇ ತೆರೆದ ಮೊದಲ ವಾರ ಮತ್ತು ಮುಚ್ಚುವ ಕೊನೆಯ ಎರಡು ವಾರ ಜನಜಂಗುಳಿ ಹೆಚ್ಚು. ನಡುವಿನ ಯಾವುದಾದರೂ ವಾರದ ದಿನ, ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಒಳ್ಳೆಯದು. ಕಟ್ಟಡದ ನವೀಕರಣವನ್ನೂ ವಿಚಾರಿಸಿಕೊಳ್ಳಿ: ಪ್ಯಾರಿಸ್‌ನ ಪಾಂಪಿಡು ಕೇಂದ್ರ 2025ರಲ್ಲಿ ಹಲವು ವರ್ಷಗಳ ದುರಸ್ತಿಗಾಗಿ ಮುಚ್ಚಿದಾಗ, ಕಾಯುತ್ತ ಕೂತವರ ಎಷ್ಟೋ ಯೋಜನೆಗಳು ಹಾಗೆಯೇ ಉಳಿದುಹೋದವು.

ಖರ್ಚಿನ ವಿಷಯದಲ್ಲಿ, ವರ್ಷಕ್ಕೆ ಎರಡು ಮೂರು ಸಲ ಅದೇ ಮ್ಯೂಸಿಯಂಗೆ ಹೋಗುವವರಾದರೆ ಸದಸ್ಯತ್ವದ ಲೆಕ್ಕ ಹಾಕಿ ನೋಡಿ. ಉಳಿಯುವ ಹಣಕ್ಕಿಂತ ದೊಡ್ಡ ಲಾಭವೊಂದು ಅದರಲ್ಲಿದೆ: ಕೊಟ್ಟ ಟಿಕೆಟ್ಟಿಗೆ ನ್ಯಾಯ ಒದಗಿಸಬೇಕೆಂಬ ಆತುರವಿಲ್ಲದೆ ಒಂದೇ ಕೋಣೆಗೆ ಹೋಗಿ ಮರಳಬಹುದು. ಹಣ ಬಿಗಿಯಾಗಿದ್ದರೆ ಸಂಗ್ರಹವನ್ನೂ ಕಾಗದದ ಕೃತಿಗಳ ಕೋಣೆಯನ್ನೂ ಆರಿಸಿಕೊಳ್ಳಿ. ಇವೆರಡರ ಜೋಡಿ ಯಾವ ದುಬಾರಿ ಪ್ರದರ್ಶನಕ್ಕೂ ಕಡಿಮೆಯಲ್ಲ. ವಿಶೇಷ ಪ್ರದರ್ಶನಕ್ಕೇ ಹಣ ಕೊಟ್ಟವರು ಅದರಿಂದ ಹೊರಬಂದ ಮೇಲೆ ಇನ್ನೊಂದಕ್ಕೆ ನುಗ್ಗದೆ, ಸಂಗ್ರಹದಲ್ಲಿ ಕೂರಲು ಬೆಂಚಿರುವ ಒಂದೇ ಕೋಣೆಗೆ ಹೋಗಿ. ಟೇಟ್‌ನಲ್ಲಿರುವ ಮಾರ್ಕ್ ರಾತ್ಕೊನ ಒಂಬತ್ತು ಕಡುಗೆಂಪು ಕ್ಯಾನ್ವಾಸುಗಳು ಅಂಥ ಕೋಣೆಗೆಂದೇ ಇರುವಂಥವು. ಅವು ಲಂಡನ್ನಿಗೆ ಬಂದಿಳಿದದ್ದು 1970ರ ಫೆಬ್ರುವರಿ 25ರಂದು, ನ್ಯೂಯಾರ್ಕ್‌ನಲ್ಲಿ ಅವನು ತೀರಿಕೊಂಡ ದಿನವೇ. ಅವುಗಳನ್ನು ಮಂದ ಬೆಳಕಿನಲ್ಲೇ ತೋರಿಸಬೇಕೆಂಬುದು ಅವನ ಇಚ್ಛೆಯಾಗಿತ್ತು. ಒಳಹೊಕ್ಕ ಕೂಡಲೇ ಎಲ್ಲ ಕಪ್ಪಾಗಿ ಕಾಣುತ್ತದೆ. ಐದು ನಿಮಿಷ ಕೂತ ಮೇಲೆ ಕೆಂಪಿನ ಒಳಗಿನ ಕೆಂಪು ಬೇರೆಯಾಗತೊಡಗುತ್ತದೆ.